ಒಂದು ಚುಕ್ಕೆ ವೆಲ್ಡಿಂಗ್

ನಮ್ಮ ಮನೆಯ ಉಣುಗೋಲು ದಾಟಿದರೆ ಡಾಂಬರು ರಸ್ತೆ ಸಿಗುವ ತನಕ ಒಂದು ಸಣ್ಣ ಏರು. ಹೆಚ್ಚೆಂದರೆ ಇನ್ನೂರು ಅಡಿ. ಎರಡೂ ಬದಿ ಧರೆ, ನಡುವೆ ಕೆಂಪು ಮಣ್ಣಿನ ದಾರಿ. ಅಪ್ಪಯ್ಯನ ಮಾರುತಿ 800 ಆ ಏರನ್ನು ಯಾವಾಗಲೂ ಸೆಕೆಂಡ್ ಗೇರಿನಲ್ಲೇ ಹತ್ತುತ್ತಿತ್ತು. ನಾಲ್ಕು ಜನ ಕೂತು, ಹಿಂದೆ ಒಂದು ಮೂಟೆ ಹಿಂಡಿ ಹಾಕಿದ್ದರೂ ಹತ್ತುತ್ತಿತ್ತು. ಕಳೆದ ದೀಪಾವಳಿಗೆ ಊರಿಗೆ ಹೋದಾಗ ನೋಡಿದೆ. ಕಾರಿನಲ್ಲಿ ಅಪ್ಪಯ್ಯ ಒಬ್ಬರೇ. ಫಸ್ಟ್ ಗೇರ್. ಕಾಲು ಎಕ್ಸಿಲೇಟರ್ ಮೇಲೆ ಪೂರ್ತಿ. ಹಾಲಿನ ಕ್ಯಾನ್ ಹಿಡಿದು ನಡೆದು ಹೋಗುತ್ತಿದ್ದ ಪಕ್ಕದ ಮನೆ ಹುಡುಗ ಕಾರಿಗಿಂತ ಮೊದಲು ರಸ್ತೆ ಮುಟ್ಟಿದ.

"ಎಂಥ ಆಗಿದೆ ಇದಕ್ಕೆ?" ಅಂದೆ, ವಾಪಸ್ ಬಂದ ಮೇಲೆ.

"ವಯಸ್ಸಾಯ್ತು ಮಾರಾಯ. 1992ರ ಗಾಡಿ. ಅದಕ್ಕೂ ಸುಸ್ತು ಆಗಲ್ವಾ?"

ನನಗೆ ಆ ಮಾತು ಒಪ್ಪಿಗೆ ಆಗಲಿಲ್ಲ. ವಯಸ್ಸಾದ ಎಂಜಿನ್ ಅದನ್ನು ಬೇರೆ ರೀತಿ ಹೇಳುತ್ತದೆ. ಆಯಿಲ್ ಕುಡಿಯುತ್ತದೆ. ನೀಲಿ ಹೊಗೆ ಬಿಡುತ್ತದೆ. ಚಳಿಯ ಬೆಳಿಗ್ಗೆ ಸ್ಟಾರ್ಟ್ ಆಗಲು ಹಟ ಹಿಡಿಯುತ್ತದೆ. ಈ ಕಾರು ಅದ್ಯಾವುದನ್ನೂ ಮಾಡುತ್ತಿರಲಿಲ್ಲ. ಒಂದೇ ಸೆಲ್ಫಿಗೆ ಸ್ಟಾರ್ಟ್. ಎಕ್ಸಿಲೇಟರಿನಿಂದ ಕಾಲು ತೆಗೆದು ಸ್ಲೋ ಬಿಟ್ಟರೆ ಬಾನೆಟ್ ಮೇಲೆ ಇಟ್ಟ ನೀರಿನ ಲೋಟ ಅಲುಗದ ಹಾಗೆ ನಿಲ್ಲುತ್ತಿತ್ತು. ರೈಸ್ ಮಾಡಿದರೆ ಮಾತ್ರ ಅರ್ಧದ ತನಕ ಏರಿ ಅಲ್ಲೇ ಕೂತುಬಿಡುತ್ತಿತ್ತು. ಇನ್ನೂ ತುಳಿದರೆ ಸದ್ದು ದಪ್ಪ ಆಗುತ್ತಿತ್ತು, ಸ್ಪೀಡ್ ಏರುತ್ತಿರಲಿಲ್ಲ. ರಸ್ತೆಯಲ್ಲಿ ಮೂವತ್ತು, ಮೂವತ್ತೈದು. ಅದರ ಮೇಲೆ ಇಲ್ಲ. ಬಿಸಿಯಾದಷ್ಟೂ ಇನ್ನೂ ಕಷ್ಟ.

ಈ ಕಾರು ನಮ್ಮ ಮನೆಗೆ ಬಂದಿದ್ದು 1998ರಲ್ಲಿ. ಸೆಕೆಂಡ್ ಹ್ಯಾಂಡ್. ಅಡಿಕೆಗೆ ಒಳ್ಳೆ ದರ ಇದ್ದ ಕಾಲ. ಕೆಎ 14 ನಂಬರಿನ ಬಿಳಿ ಕಾರು. ಮೂರು ಸಿಲಿಂಡರ್, 796 ಸಿಸಿ, ಪೆಟ್ರೋಲಿಗೆ ಗಾಳಿ ಬೆರೆಸಿ ಕೊಡಲು ಹಳೆ ಕಾಲದ ಕಾರ್ಬುರೇಟರ್. ಈಗಿನ ಕಾರುಗಳ ಹಾಗೆ ಸ್ಕ್ಯಾನರ್ ಚುಚ್ಚಿ ಏನಾಗಿದೆ ಎಂದು ಕೇಳುವ ಹಾಗಿಲ್ಲ. ಕಿವಿ, ಕೈ, ಮೂಗು, ಜೊತೆಗೆ ಒಂದೆರಡು ಮೀಟರ್ ಇದ್ದರೆ ಆಯಿತು. ನಾನು ಮೆಕ್ಯಾನಿಕ್ ಅಲ್ಲ. ಶಿವಮೊಗ್ಗದಲ್ಲಿ ಲೆಕ್ಕ ಬರೆಯುವ ಕೆಲಸ. ಆದರೆ ಕ್ಲಚ್ಚು, ಬ್ರೇಕು ಕಲಿತಿದ್ದು ಈ ಕಾರಿನಲ್ಲೇ, ಪ್ಲಗ್ ಬಿಚ್ಚಲು ಕಲಿತಿದ್ದೂ ಇದರಲ್ಲೇ. ಇದನ್ನು ಸುಮ್ನೆ ಗುಜರಿಗೆ ಕಳಿಸಲು ಮನಸ್ಸು ಬರಲಿಲ್ಲ.

ದೀಪಾವಳಿಗೆ ಮೊದಲೇ ಅಪ್ಪಯ್ಯ ಕಾರನ್ನು ಒಂದು ಗ್ಯಾರೇಜಿಗೆ ಎರಡು ಸಲ ಬಿಟ್ಟಿದ್ದರಂತೆ. ಮೊದಲ ಸಲ ಪ್ಲಗ್, ಪಾಯಿಂಟ್, ಕಂಡೆನ್ಸರ್, ಪೆಟ್ರೋಲ್ ಫಿಲ್ಟರ್. ಎರಡನೇ ಸಲ ಕಾರ್ಬುರೇಟರ್ ಬಿಚ್ಚಿ ಹೊಸ ಕಿಟ್, ಹೊಸ ಪೆಟ್ರೋಲ್ ಪಂಪ್. ಒಟ್ಟು 9,400 ರೂಪಾಯಿ. ಅವರು ಮೋಸ ಮಾಡಿದರು ಎಂದು ನಾನು ಹೇಳುವುದಿಲ್ಲ. ಹಾಕಿದ ಸಾಮಾನು ಎಲ್ಲ ಹೊಸದೇ ಇತ್ತು, ಬಿಲ್ಲೂ ಇತ್ತು. ಅವರು ಯಾವುದನ್ನೂ ಅಳೆದು ನೋಡಿರಲಿಲ್ಲ, ಅಷ್ಟೇ ನನ್ನ ದೂರು. ಪಿಕಪ್ ಇಲ್ಲ ಎಂದರೆ ಕಾರ್ಬುರೇಟರ್ ಎಂದುಕೊಳ್ಳುವುದು ನಮ್ಮ ಕಡೆ ರೂಢಿ. ಕೊನೆಗೆ "ಈಗಿನ ಪೆಟ್ರೋಲೇ ಸರಿ ಇಲ್ಲ ಯಜಮಾನ್ರೆ, ಎಥನಾಲ್ ಹಾಕ್ತಾರೆ" ಎಂದು ಹೇಳಿ ಕಳಿಸಿದ್ದರು.

ಎಥನಾಲ್ ಮಾತನ್ನು ನಾನು ತಳ್ಳಿಹಾಕಲಿಲ್ಲ. 20% ಎಥನಾಲ್ ಬೆರೆಸಿದ ಪೆಟ್ರೋಲಿಗೆ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ಕೊಟ್ಟಿದ್ದು. ಈಗ ಬಂಕಿನಲ್ಲಿ ಸಿಗುವುದು ಹೆಚ್ಚಾಗಿ ಅದೇ. 1992ರ ಕಾರಿನ ರಬ್ಬರ್ ಪೈಪು, ಡಯಾಫ್ರಾಮ್ ಅದಕ್ಕೆಂದು ಮಾಡಿದ್ದಲ್ಲ. ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ಬೆಲ್ಟಿಗೂ ಚಪ್ಪಲಿಗೂ ಬೂಷ್ಟು ಹಿಡಿಯುವ ನಮ್ಮೂರಲ್ಲಿ ಅರ್ಧ ಟ್ಯಾಂಕ್ ಪೆಟ್ರೋಲ್ ತಿಂಗಳುಗಟ್ಟಲೆ ನಿಂತರೆ ಏನಾಗಬಹುದು ಎಂದು ಯೋಚಿಸಲೇಬೇಕು. ಇನ್ನೊಂದು ವಿಷಯ. ಎಥನಾಲಿನಲ್ಲಿ ಆಕ್ಸಿಜನ್ ಇರುವುದರಿಂದ ಹಳೆ ಕಾರ್ಬುರೇಟರಿನ ಜೆಟ್, ಅಂದರೆ ಪೆಟ್ರೋಲ್ ಬರುವ ಸಣ್ಣ ತೂತು, ಅಷ್ಟೇ ಅಳತೆಯಲ್ಲಿ ಪೆಟ್ರೋಲ್ ಬಿಟ್ಟರೆ ಮಿಶ್ರಣ ಸ್ವಲ್ಪ ಬಡವಾಗುತ್ತದೆ. ಪೆಟ್ರೋಲ್ ಕಮ್ಮಿ ಬಿದ್ದ ಹಾಗೆ.

ಅದನ್ನು ಪರೀಕ್ಷೆ ಮಾಡಲು ಒಂದು ಪೈಸೆ ಖರ್ಚಿಲ್ಲ. ಚೋಕ್ ಇದೆಯಲ್ಲ, ಗಾಳಿ ತಡೆದು ಪೆಟ್ರೋಲ್ ಜಾಸ್ತಿ ಮಾಡುವುದು. ಎಂಜಿನ್ ಬಿಸಿಯಾದ ಮೇಲೆ, ಅದು ಒದ್ದಾಡುವ ಹೊತ್ತಿಗೆ ಚೋಕನ್ನು ಕಾಲು ಭಾಗ ಎಳೆಯಿರಿ. ಪೆಟ್ರೋಲ್ ಸಾಲದೆ ಒದ್ದಾಡುತ್ತಿದ್ದರೆ ಆಗ ಸುಧಾರಿಸುತ್ತದೆ. ಕೈಗೆ ಗೊತ್ತಾಗುವಷ್ಟು. ಮರುದಿನ ಬೆಳಿಗ್ಗೆ ಮೇಗರವಳ್ಳಿ ಕಡೆ ಹೋಗುವ ರಸ್ತೆಯಲ್ಲಿ ಇದನ್ನು ಮಾಡಿ ನೋಡಿದೆ. ಸುಧಾರಿಸಲಿಲ್ಲ. ಇನ್ನೂ ಕೆಟ್ಟಿತು, ಹಿಂದೆ ಕಪ್ಪು ಹೊಗೆ ಬಂತು. ಅಂದರೆ ಪೆಟ್ರೋಲ್ ಬೇಕಾದಷ್ಟು ಬರುತ್ತಿದೆ.

ಇಲ್ಲಿ ಒಂದು ಮಾತು ಹೇಳಲೇಬೇಕು. "ಪಿಕಪ್ ಇಲ್ಲ" ಎಂಬ ಒಂದೇ ಮಾತಿನಲ್ಲಿ ನಾವು ನಾಲ್ಕೈದು ಬೇರೆ ಬೇರೆ ಕಾಯಿಲೆ ಸೇರಿಸಿಬಿಡುತ್ತೇವೆ. ಮೆಕ್ಯಾನಿಕ್ ಹತ್ತಿರ ಹೋಗುವ ಮೊದಲು ಗಾಡಿ ಹೇಗೆ ಒದ್ದಾಡುತ್ತದೆ ಎಂದು ಗಮನ ಕೊಟ್ಟು ಕೇಳಿಸಿಕೊಂಡರೆ ಅರ್ಧ ಕೆಲಸ ಮುಗಿಯಿತು. ಕಿಡಿಯ ತೊಂದರೆ ಇದ್ದರೆ ಮಿಸ್ಸಿಂಗ್ ಹೊಡೆಯುತ್ತದೆ. ಮೂರು ಸಿಲಿಂಡರಿನ ಗಾಡಿಯಲ್ಲಿ ಒಂದು ಸತ್ತರೆ ಇಡೀ ಕಾರು ನಡುಗುತ್ತದೆ, ಮುಚ್ಚಿಡಲು ಆಗುವುದೇ ಇಲ್ಲ. ಪೆಟ್ರೋಲ್ ಸಾಲದಿದ್ದರೆ ಎಳೆಯುತ್ತದೆ, ಬಿಡುತ್ತದೆ, ಮತ್ತೆ ಎಳೆಯುತ್ತದೆ. ಕಾರ್ಬುರೇಟರ್ ಒಳಗೆ ಪಟ್ ಎಂದು ಸಣ್ಣ ಪಟಾಕಿ ಸದ್ದು ಬರುತ್ತದೆ. ಕ್ಲಚ್ ಹೋಗಿದ್ದರೆ ಎಂಜಿನ್ ಕೂಗುತ್ತದೆ, ಗಾಡಿ ಹೋಗುವುದಿಲ್ಲ. ನಮ್ಮ ಕಾರಿನದು ಇದ್ಯಾವುದೂ ಅಲ್ಲ. ಜರ್ಕ್ ಇಲ್ಲ, ನಡುಕ ಇಲ್ಲ, ಪಟಾಕಿ ಇಲ್ಲ. ಯಾರೋ ಹಿಂದಿನಿಂದ ಮೆತ್ತಗೆ ಹಿಡಿದುಕೊಂಡ ಹಾಗೆ. ಕಿವಿಗೆ ಇದು ಸ್ಪಷ್ಟವಾಗಿ ಕೇಳಿಸುತ್ತಿತ್ತು. ಆದರೂ ಅದರ ಅರ್ಥ ನನಗೆ ಹೊಳೆಯಲಿಲ್ಲ.

ತೀರ್ಥಹಳ್ಳಿಯ ಅಂಚಿನಲ್ಲಿ ಒಬ್ಬ ಹಿರಿಯ ಮೇಸ್ತ್ರಿ ಇದ್ದಾರೆ. ಬೋರ್ಡು ಇಲ್ಲ, ಒಂದು ತಗಡಿನ ಶೆಡ್ಡು. ಮೊದಲು ಕೊಪ್ಪದ ಸಹಕಾರ ಸಾರಿಗೆಯಲ್ಲಿ ಇದ್ದವರು. 1991ರಲ್ಲಿ ಕಾರ್ಮಿಕರೇ ಸೇರಿ ಕಟ್ಟಿದ ಬಸ್ಸಿನ ಸಂಸ್ಥೆ ಅದು. ಮಲೆನಾಡಿನಲ್ಲಿ ಓದಿದ ನನ್ನ ವಯಸ್ಸಿನವರಿಗೆಲ್ಲ ಆ ಬಸ್ಸುಗಳ ನೆನಪಿದೆ. 2020ರಲ್ಲಿ ಅದು ನಿಂತಿತು. ಆಮೇಲೆ ಇವರು ಮನೆ ಪಕ್ಕದಲ್ಲೇ ಶೆಡ್ಡು ಹಾಕಿಕೊಂಡರು. ನಾನು ಫೋನ್ ಮಾಡಿ, ಎಂಜಿನ್ ಸದ್ದನ್ನು ರೆಕಾರ್ಡ್ ಮಾಡಿ ಕಳಿಸಲಾ ಎಂದು ಕೇಳಿದೆ. "ಅದೆಲ್ಲ ಬೇಡ ಮಾರಾಯ್ರೆ. ಓಡ್ತದಲ್ಲ? ಓಡಿಸಿಕೊಂಡೇ ಬನ್ನಿ" ಅಂದರು. ಸುಮಾರು ಇಪ್ಪತ್ತು ಕಿಲೋಮೀಟರ್ ದಾರಿ. ಒಂದೂಕಾಲು ಗಂಟೆ ಹಿಡಿಯಿತು. ಹಿಂದೆ ಬಂದ ಪ್ರತಿ ಗಾಡಿಗೂ ಕೈ ತೋರಿಸಿ ದಾರಿ ಬಿಟ್ಟುಕೊಟ್ಟೆ.

ಅವರು ಕೆಲಸ ಮಾಡುವ ಕ್ರಮ ನೋಡಿ ನನಗೆ ಖುಷಿಯಾಯಿತು. ಮೊದಲ ಅರ್ಧ ಗಂಟೆ ಸ್ಪ್ಯಾನರನ್ನೇ ಮುಟ್ಟಲಿಲ್ಲ. ನನ್ನನ್ನು ಒಳಗೆ ಕೂರಿಸಿ, ಎಂಜಿನ್ ಆಫ್ ಇರುವಾಗಲೇ ಎಕ್ಸಿಲೇಟರ್ ಪೂರ್ತಿ ತುಳಿಯಲು ಹೇಳಿದರು. ಅವರು ಬಾನೆಟ್ ಎತ್ತಿ ಕಾರ್ಬುರೇಟರಿನ ಬಾಯಿ ನೋಡುತ್ತಿದ್ದರು. ಕೇಬಲ್ ಸಡಿಲ ಆಗಿದ್ದರೆ, ಕಾಲಡಿ ಮ್ಯಾಟ್ ಮಡಿಚಿಕೊಂಡು ಪೆಡಲ್ ಕೆಳಗೆ ಸಿಕ್ಕಿದ್ದರೆ, ನಾವು ಪೂರ್ತಿ ತುಳಿದರೂ ಒಳಗಿನ ಬಟರ್‌ಫ್ಲೈ, ಅಂದರೆ ಗಾಳಿಯ ದಾರಿಯ ಮುಚ್ಚಳ, ಅರ್ಧವೇ ತೆರೆಯುತ್ತದೆ. "ಇದಕ್ಕೇ ಎಂಜಿನ್ ಬಿಚ್ಚಿದವರನ್ನು ನೋಡಿದ್ದೇನೆ" ಅಂದರು. ನಮ್ಮದು ಪೂರ್ತಿ ತೆರೆಯುತ್ತಿತ್ತು. ಆಮೇಲೆ ಒಂದೊಂದೇ ಚಕ್ರಕ್ಕೆ ಜಾಕಿ ಕೊಟ್ಟು ಕೈಯಲ್ಲಿ ತಿರುಗಿಸಿದರು, ಬ್ರೇಕ್ ಹಿಡಿದುಕೊಂಡಿದೆಯಾ ಎಂದು. ಇಲ್ಲ. ಏರ್ ಫಿಲ್ಟರ್ ತೆಗೆದಿಟ್ಟು ರೈಸ್ ಮಾಡಿದರು. ವ್ಯತ್ಯಾಸ ಇಲ್ಲ. ಪ್ಲಗ್ಗುಗಳಿಗೆ ಕಿಡಿ ಹಂಚುವ ಡೆಲ್ಕೋದ ಮುಚ್ಚಳ ತೆಗೆದು ರೋಟರನ್ನು ಬೆರಳಲ್ಲಿ ಸ್ವಲ್ಪ ತಿರುಗಿಸಿ ಬಿಟ್ಟರು. ಅದು ಟಕ್ ಎಂದು ವಾಪಸ್ ಬಂತು. ಅದರ ಕೆಳಗೆ ಎರಡು ಸಣ್ಣ ತೂಕಗಳು ಇರುತ್ತವೆ. ಎಂಜಿನ್ ಜೋರಾಗಿ ತಿರುಗಿದಂತೆ ಅವು ಹೊರಕ್ಕೆ ಸರಿದು ಕಿಡಿಯನ್ನು ಸ್ವಲ್ಪ ಮುಂಚೆಯೇ ಕೊಡಿಸುತ್ತವೆ. ತುಕ್ಕು ಹಿಡಿದು ಅವು ಅಂಟಿಕೊಂಡರೂ ಎಂಜಿನ್ ಮೇಲೇಳುವುದಿಲ್ಲ. ನಮ್ಮದು ಅಂಟಿಕೊಂಡಿರಲಿಲ್ಲ.

ಪ್ಲಗ್ ಬಿಚ್ಚಿ ಕಂಪ್ರೆಷನ್, ಅಂದರೆ ಸಿಲಿಂಡರ್ ಒಳಗಿನ ಒತ್ತಡ, ನೋಡಿದರು. ಮೂರರಲ್ಲೂ ಹೆಚ್ಚುಕಮ್ಮಿ ಒಂದೇ ಅಂಕಿ. ನನಗೆ ನಿಜಕ್ಕೂ ಸಮಾಧಾನ ಆಗಿದ್ದು ಆಗ. ಎಂಜಿನ್ ಗಟ್ಟಿ ಇದೆ. ಅಪ್ಪಯ್ಯ ಹೇಳಿದ ವಯಸ್ಸಿನ ಮಾತು ಅಲ್ಲಿಗೆ ಮುಗಿಯಿತು.

ಆಮೇಲೆ ಅವರು ಗೋಡೆಯ ಗೂಡಿನಿಂದ ಹಳೆ ಟವೆಲಿನಲ್ಲಿ ಸುತ್ತಿಟ್ಟ ಒಂದು ಮೀಟರ್ ತಂದರು. ವ್ಯಾಕ್ಯೂಮ್ ಗೇಜ್. ಅಂಗೈ ಅಗಲದ ದುಂಡು ಮುಖ, ಒಂದು ಮುಳ್ಳು, ಒಂದು ರಬ್ಬರ್ ಪೈಪು. ನನಗೆ ಗೊತ್ತಿರುವ ಹಾಗೆ ಹಳೆ ಎಂಜಿನ್ನಿನ ಬಗ್ಗೆ ಇಷ್ಟು ಕಡಿಮೆ ದುಡ್ಡಿನಲ್ಲಿ ಇಷ್ಟು ವಿಷಯ ಹೇಳುವ ಸಾಧನ ಇನ್ನೊಂದಿಲ್ಲ. ಡಾಕ್ಟರು ನಾಡಿ ಹಿಡಿದ ಹಾಗೆ. ಪಿಸ್ಟನ್ ಕೆಳಗೆ ಇಳಿಯುವಾಗ ಗಾಳಿಯನ್ನು ಎಳೆಯುತ್ತದೆ. ಬಟರ್‌ಫ್ಲೈ ಮುಚ್ಚಿದ್ದರೆ ಆ ಎಳೆತ ಎಂಜಿನ್ನಿಗೆ ಗಾಳಿ ಹೋಗುವ ಕೊಳವೆಯಲ್ಲಿ, ಅಂದರೆ ಮ್ಯಾನಿಫೋಲ್ಡಿನಲ್ಲಿ, ನಿಲ್ಲುತ್ತದೆ. ಅದನ್ನು ಈ ಮುಳ್ಳು ಅಳೆಯುತ್ತದೆ. ಸಮುದ್ರಮಟ್ಟದಲ್ಲಿ ಒಳ್ಳೆ ಎಂಜಿನ್ ಸ್ಲೋ ಇರುವಾಗ ಪಾದರಸದ ಲೆಕ್ಕದಲ್ಲಿ 17ರಿಂದ 21 ಇಂಚು ತೋರಿಸಬೇಕು. ಸಾವಿರ ಅಡಿ ಮೇಲೆ ಹೋದಂತೆ ಒಂದು ಇಂಚು ಕಳೆಯಬೇಕು. ತೀರ್ಥಹಳ್ಳಿ ಇರುವುದು ಸುಮಾರು ಎರಡು ಸಾವಿರ ಅಡಿ ಎತ್ತರದಲ್ಲಿ. ಹಾಗಾಗಿ ಇಲ್ಲಿ 15ರಿಂದ 19.

ಮ್ಯಾನಿಫೋಲ್ಡಿನ ಒಂದು ಸಣ್ಣ ಪೈಪು ಕಳಚಿ ಗೇಜ್ ಸಿಕ್ಕಿಸಿದರು. ಸ್ಟಾರ್ಟ್ ಮಾಡಿದೆ. ಮುಳ್ಳು 16ಕ್ಕೆ ಬಂದು ನಿಂತಿತು. ಚೆನ್ನಾಗಿದೆ.

"ಈಗ ಮೆಲ್ಲಗೆ ಏರಿಸಿ. ಅರ್ಧಕ್ಕೆ ತಂದು ಹಾಗೇ ಹಿಡ್ಕೊಳ್ಳಿ. ಬಿಡಬೇಡಿ" ಅಂದರು.

ಏರಿಸಿ ಹಿಡಿದುಕೊಂಡೆ. ಈ ಕಾರಿನಲ್ಲಿ ಆರ್‌ಪಿಎಂ ಮೀಟರ್ ಇಲ್ಲ. ಅವರ ಕಿವಿ ಅಂದಾಜಿನ ಪ್ರಕಾರ ನಿಮಿಷಕ್ಕೆ 2,500 ಸುತ್ತು. ಮುಳ್ಳು ಮೊದಲು ಸ್ವಲ್ಪ ಅಲುಗಾಡಿ 15ಕ್ಕೆ ಬಂತು. ಒಳ್ಳೆ ಎಂಜಿನ್ನಿನಲ್ಲಿ ಅದು ಅಲ್ಲೇ ನಿಲ್ಲಬೇಕು, ಇಲ್ಲವೇ ಸ್ವಲ್ಪ ಏರಬೇಕು. ನಮ್ಮದು ನಿಲ್ಲಲಿಲ್ಲ. 14. ನನ್ನ ಕಾಲು ಅಲುಗಿಲ್ಲ. 13. ಸದ್ದು ಸ್ವಲ್ಪ ದಪ್ಪ ಆಯಿತು. 11. ಕೊಡದಲ್ಲಿ ನೀರು ತುಂಬುವಾಗ ಸದ್ದು ಬದಲಾಗುತ್ತದಲ್ಲ, ಆ ತರ ನಿಧಾನವಾಗಿ, ಒಂದು ನಿಮಿಷದೊಳಗೆ ಮುಳ್ಳು 8ಕ್ಕೆ ಇಳಿಯಿತು.

ಮೇಸ್ತ್ರಿ ಏನೂ ಹೇಳಲಿಲ್ಲ. ಎದ್ದು ಕಾರಿನ ಹಿಂದೆ ಹೋಗಿ ಕೂತರು. ಸೈಲೆನ್ಸರ್ ಬಾಯಿಗೆ ಒಂದು ಗೇಣು ದೂರದಲ್ಲಿ ಅಂಗೈ ಹಿಡಿದರು. ನನ್ನನ್ನೂ ಕರೆದು ಹಿಡಿಯಲು ಹೇಳಿದರು. ಸ್ಲೋ ಇರುವಾಗ ಮೂರು ಸಿಲಿಂಡರಿನ ಗಾಡಿ ಕೈಗೆ ತಪ ತಪ ಎಂದು ಹೊಡೆಯಬೇಕು. ಒಂದೊಂದು ಹೊಡೆತವೂ ಬೇರೆ ಬೇರೆಯಾಗಿ ಗೊತ್ತಾಗಬೇಕು. ನನ್ನ ಅಂಗೈಗೆ ಬಂದಿದ್ದು ಒಂದೇ ಸಮನೆ ಮೆತ್ತಗಿನ ಗಾಳಿ. ಟಯರಿನ ವಾಲ್ವ್ ಒತ್ತಿದಾಗ ಬರುವ ಹಾಗೆ.

"ಘಾಟಿ ಇಳಿಯುವಾಗ ಬಸ್ಸಿಗೆ ಎಕ್ಸಾಸ್ಟ್ ಬ್ರೇಕ್ ಹಾಕ್ತೀವಿ, ಗೊತ್ತುಂಟಲ್ಲ?" ಎಂದು ಕೇಳಿದರು. "ನಿಮ್ಮ ಕಾರು ಅದನ್ನು ಹಾಕ್ಕೊಂಡೇ ಘಾಟಿ ಹತ್ತುತಾ ಉಂಟು."

ದೊಡ್ಡ ಗಾಡಿಗಳಲ್ಲಿ ಹೊಗೆ ಹೋಗುವ ಪೈಪಿಗೆ ಒಂದು ಮುಚ್ಚಳ ಇರುತ್ತದೆ. ಇಳಿಜಾರಿನಲ್ಲಿ ಡ್ರೈವರ್ ಅದನ್ನು ಮುಚ್ಚಿದರೆ ಒಳಗಿನ ಗಾಳಿ ಹೊರಗೆ ಹೋಗಲಾರದೆ ಪಿಸ್ಟನ್ನಿಗೆ ಎದುರು ನಿಲ್ಲುತ್ತದೆ, ಎಂಜಿನ್ನೇ ಬ್ರೇಕ್ ಆಗುತ್ತದೆ. ನಮ್ಮ ಕಾರಿನಲ್ಲಿ ಯಾರೂ ಹಾಕದೆ ಆ ಮುಚ್ಚಳ ಬಿದ್ದಿತ್ತು.

ಲೆಕ್ಕದವನಾದ್ದರಿಂದ ನಾನು ಆ ರಾತ್ರಿ ಕೂತು ಲೆಕ್ಕ ಹಾಕಿದೆ. 796 ಸಿಸಿ ಎಂಜಿನ್, ನಾಲ್ಕು ಸ್ಟ್ರೋಕ್. ಎರಡು ಸುತ್ತಿಗೆ ಒಂದು ಸಲ ಪೂರ್ತಿ ಉಸಿರು ಎಳೆಯುತ್ತದೆ. 3,000 ಸುತ್ತಿನಲ್ಲಿ, ಪೂರ್ತಿ ತುಳಿದಾಗ, ನಿಮಿಷಕ್ಕೆ ಸಾವಿರ ಲೀಟರಿಗೂ ಜಾಸ್ತಿ ಗಾಳಿ ಬೇಕು. ಒಂದು ಲೀಟರ್ ಪೆಟ್ರೋಲ್ ಸರಿಯಾಗಿ ಉರಿಯಲು ಸುಮಾರು 9,000 ಲೀಟರ್ ಗಾಳಿ. ಒಳಗೆ ಹೋದಷ್ಟೂ ಹೊರಗೆ ಬರಲೇಬೇಕು. ಬಿಸಿಯಾಗಿ, ಉಬ್ಬಿ, ಒಳಗೆ ಹೋದದ್ದಕ್ಕಿಂತ ಎಷ್ಟೋ ಪಟ್ಟು ದೊಡ್ಡದಾಗಿ. ಸ್ಲೋ ಇರುವಾಗ ಸಣ್ಣ ತೂತಿನಲ್ಲೂ ಹೊರಬೀಳುತ್ತದೆ. ಅದಕ್ಕೇ ಸ್ಟಾರ್ಟು, ಸ್ಲೋ ಎರಡೂ ಚೆನ್ನಾಗಿದ್ದವು. ಜೋರು ಮಾಡಿದಾಗ ಹೊರಗೆ ಹೋಗಲಾರದ ಹೊಗೆ ಸಿಲಿಂಡರಿನಲ್ಲೇ ಉಳಿಯುತ್ತದೆ. ಹೊಸ ಗಾಳಿಗೆ ಜಾಗ ಇಲ್ಲ. ಕಾರ್ಬುರೇಟರ್ ಎಷ್ಟು ತೊಳೆದರೂ ಅಷ್ಟೇ.

ನಿಜ ಹೇಳಬೇಕೆಂದರೆ ನನಗೆ ಸಿಟ್ಟು ಬಂತು, ನನ್ನ ಮೇಲೇ. ಕಾರಿನ ಬಾಯಿ, ಮೂಗು, ಹೊಟ್ಟೆ ಎಲ್ಲ ನೋಡಿದ್ದೆ. ಹಿಂದೆ ಹೋಗಿ ಒಂದು ಸಲ ಕೈ ಹಿಡಿದಿರಲಿಲ್ಲ.

ಮರುದಿನ ಖಾತ್ರಿ ಮಾಡಿಕೊಂಡೆವು. ಎಂಜಿನ್ನಿನಿಂದ ಹೊಗೆಯ ಪೈಪು ಶುರುವಾಗುವ ಕಡೆ ಜಾಯಿಂಟಿನ ಬೋಲ್ಟುಗಳಿಗೆ ರಾತ್ರಿಯೇ ಡೀಸೆಲ್ ಸುರಿದಿಟ್ಟಿದ್ದರು. ಬೆಳಿಗ್ಗೆ ಸಡಿಲ ಮಾಡಿ ಪೈಪನ್ನು ಅರ್ಧ ಇಂಚು ಕೆಳಗೆ ಇಳಿಸಿದರು. ಇದನ್ನು ಬಯಲಿನಲ್ಲೇ ಮಾಡಬೇಕು, ಶೆಡ್ಡಿನೊಳಗೆ ಅಲ್ಲ. ಆ ಹೊಗೆಯಲ್ಲಿ ಇರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣ ಇಲ್ಲ, ವಾಸನೆ ಇಲ್ಲ, ಜೀವ ತೆಗೆಯುತ್ತದೆ. ಕಾರನ್ನು ಅಂಗಳಕ್ಕೆ ತಳ್ಳಿ ಸ್ಟಾರ್ಟ್ ಮಾಡಿದೆ. ಸದ್ದು ಅಂದರೆ ಸದ್ದು. ಪಕ್ಕದ ಮನೆಯ ದನ ಹಗ್ಗ ಜಗ್ಗಿತು. ಆದರೆ ಕಾಲು ಇಟ್ಟ ಕೂಡಲೇ ಎಂಜಿನ್ ಜರ್ರನೆ ಮೇಲೆ ಹೋಯಿತು. ಎಷ್ಟು ಬೇಕೋ ಅಷ್ಟು. ತಿಂಗಳುಗಟ್ಟಲೆ ಕೇಳದ ಸದ್ದು ಅದು. ನನಗೆ ಗಂಟಲು ಕಟ್ಟಿತು ಎಂದರೆ ನೀವು ನಂಬಬೇಕು.

ಸೈಲೆನ್ಸರ್ ಕಳಚಿ ಕೆಳಗೆ ಇಟ್ಟರು. ನೋಡಿದರೆ ಹೊಸದರ ಹಾಗೆ ಮಿರಮಿರ. ಅಪ್ಪಯ್ಯ ಪ್ರತಿ ವರ್ಷ ಮಳೆಗಾಲ ಮುಗಿದ ಮೇಲೆ ಅದಕ್ಕೆ ಬೆಳ್ಳಿ ಬಣ್ಣ ಬಳಿಯುತ್ತಾರೆ. ಅಂಗಳದಲ್ಲಿ ಅಡಿಕೆ ಹಾಳೆ ಹಾಸಿಕೊಂಡು, ಕಾರಿನಡಿ ಒರಗಿ, ಬ್ರಷ್ ಹಿಡಿದು ಬಳಿಯುವುದನ್ನು ಸಣ್ಣವನಿದ್ದಾಗಿನಿಂದ ನೋಡಿದ್ದೇನೆ. ಎತ್ತಿ ಅಲುಗಿಸಿದರೆ ಒಳಗೆ ಗಡಗಡ ಸದ್ದು, ಜೊತೆಗೆ ನೀರಿನ ಸದ್ದು. ಮೇಸ್ತ್ರಿ ಗ್ರೈಂಡರಿನಲ್ಲಿ ಒಂದು ಬದಿ ಸೀಳಿದರು.

ಮೊದಲು ಬಂದಿದ್ದು ನೀರು. ಒಂದು ಚೊಂಬಿನಷ್ಟು. ಗಟ್ಟಿ ಕಷಾಯದ ಬಣ್ಣ. ಆಮೇಲೆ ತುಕ್ಕು. ಪದರ ಪದರವಾಗಿ ಏಳುವ ತುಕ್ಕು, ಬೆರಳಲ್ಲಿ ಹಿಡಿದರೆ ಪುಡಿ. ಸೈಲೆನ್ಸರ್ ಒಳಗೆ ತೂತು ತೂತಿನ ಕೊಳವೆ ಇರುತ್ತದೆ, ಅಡ್ಡಕ್ಕೆ ತಗಡಿನ ಬಿಲ್ಲೆಗಳು ಇರುತ್ತವೆ. ಒಂದು ಬಿಲ್ಲೆ ಅಂಚಿನಲ್ಲಿ ಪೂರ್ತಿ ತಿಂದುಹೋಗಿ, ಕಳಚಿ, ಹೊರಗೆ ಹೋಗುವ ಕೊಳವೆಯ ಬಾಯಿಗೆ ಬಂದು ಕೂತಿತ್ತು. ಪಾತ್ರೆಗೆ ತಟ್ಟೆ ಮುಚ್ಚಿದ ಹಾಗೆ. ಒಂದು ಕಡೆ ಹೆಬ್ಬೆರಳು ಹೋಗುವಷ್ಟು ಸಂದಿ ಉಳಿದಿತ್ತು. ಇಷ್ಟು ದಿನ ಕಾರು ಓಡಿದ್ದು ಆ ಸಂದಿಯಲ್ಲಿ ಉಸಿರು ಬಿಟ್ಟುಕೊಂಡು.

ನಮ್ಮ ಕಾರಿಗೆ ಹೊಗೆಯ ವಿಷ ಕಮ್ಮಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಇಲ್ಲ. 1995ರಲ್ಲಿ ಅದು ಕಡ್ಡಾಯ ಆಗಿದ್ದು ಮೊದಲು ನಾಲ್ಕು ಮಹಾನಗರಗಳಲ್ಲಿ, ಹೊಸ ಕಾರುಗಳಿಗೆ. ಅದು ಇರುವ ಕಾರುಗಳಲ್ಲಿ ಇದೇ ತೊಂದರೆ ಬಂದರೆ ಮೊದಲು ಅದನ್ನೇ ನೋಡಬೇಕು. ಒಳಗಿನ ಜೇನುಗೂಡಿನಂಥ ಭಾಗ ಕರಗಿಯೋ ಒಡೆದೋ ದಾರಿ ಮುಚ್ಚುತ್ತದೆ. ಲಕ್ಷಣ ಎಲ್ಲ ಒಂದೇ. ಗೇಜಿನ ಮುಳ್ಳೂ ಹೀಗೇ ಇಳಿಯುತ್ತದೆ.

"ಇಷ್ಟು ನೀರು ಎಲ್ಲಿಂದ ಬಂತು? ಮಳೆ ನೀರಾ?" ಎಂದು ಕೇಳಿದೆ. ಆಗುಂಬೆಯ ಮಗ್ಗುಲಿನ ಊರು ನಮ್ಮದು. ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಮಳೆ ಬೀಳುವ ಜಾಗದ ಪಕ್ಕ ಇದ್ದವರಿಗೆ ಎಲ್ಲದಕ್ಕೂ ಮಳೆಯೇ ನೆನಪಾಗುತ್ತದೆ.

ಮಳೆ ನೀರಲ್ಲ, ಪೆಟ್ರೋಲಿನ ನೀರು. ಇದನ್ನು ನಂಬುವುದು ಕಷ್ಟ, ಆದರೆ ನಿಜ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಮ್ಮಿ ಒಂದು ಲೀಟರ್ ನೀರು ಹುಟ್ಟುತ್ತದೆ. ಪೆಟ್ರೋಲಿನ ಹೈಡ್ರೋಜನ್ ಗಾಳಿಯ ಆಕ್ಸಿಜನ್ ಜೊತೆ ಸೇರಿ ಆಗುವ ನೀರು. ಸೈಲೆನ್ಸರ್ ಚೆನ್ನಾಗಿ ಬಿಸಿಯಾದರೆ ಅದು ಹಬೆಯಾಗಿ ಹೋಗುತ್ತದೆ, ನಮಗೆ ಕಾಣುವುದೇ ಇಲ್ಲ. ಎರಡು ಕಿಲೋಮೀಟರ್ ಓಡಿ ನಿಲ್ಲಿಸಿದರೆ ಸೈಲೆನ್ಸರ್ ಇನ್ನೂ ತಣ್ಣಗೇ ಇರುತ್ತದೆ. ಹಬೆ ಅಲ್ಲೇ ನೀರಾಗಿ ನಿಲ್ಲುತ್ತದೆ. ಎರಡು ಕಿಲೋಮೀಟರಿಗೆ ನೂರು, ನೂರಿಪ್ಪತ್ತು ಮಿಲಿ ಪೆಟ್ರೋಲ್ ಎಂದು ಇಟ್ಟುಕೊಳ್ಳಿ. ಅಷ್ಟೇ ನೀರು. ಒಂದು ಕಾಫಿ ಲೋಟ. ಅದರಲ್ಲಿ ಸ್ವಲ್ಪ ಹೊರಗೆ ಹೋಗುತ್ತದೆ, ಉಳಿದದ್ದು ಒಳಗೇ.

ಅದಕ್ಕೆಂದೇ ಸೈಲೆನ್ಸರ್ ಮಾಡುವವರು ಅದರ ಹೊಟ್ಟೆಯ ಅಡಿಯಲ್ಲಿ ಒಂದು ಸಣ್ಣ ತೂತು ಬಿಟ್ಟಿರುತ್ತಾರೆ. ಸೈಕಲ್ ಕಡ್ಡಿ ಹೋಗುವಷ್ಟು. ನೀರು ಅಲ್ಲಿಂದ ತೊಟ್ಟಿಕ್ಕಿ ಹೋಗಲಿ ಎಂದು. ಮೇಸ್ತ್ರಿ ಬೆಳ್ಳಿ ಬಣ್ಣವನ್ನು ಉಜ್ಜುತ್ತಾ ಆ ತೂತನ್ನು ಹುಡುಕಿದರು. ಸಿಗಲಿಲ್ಲ. ಅದು ಇರಬೇಕಾದ ಜಾಗದಲ್ಲಿ ಒಂದು ಚುಕ್ಕೆ ವೆಲ್ಡಿಂಗ್ ಇತ್ತು. ಉದ್ದಿನಕಾಳಿನ ಗಾತ್ರ. ಚೆನ್ನಾಗಿ ಉಜ್ಜಿ ನುಣುಪು ಮಾಡಿ, ಮೇಲೆ ಬಣ್ಣ ಬಳಿದಿತ್ತು. ಕೈಯಲ್ಲಿ ಸವರಿದರೂ ಗೊತ್ತಾಗದಷ್ಟು ನೀಟು.

ಯಾರ ಕೆಲಸ ಎಂದು ನನಗೆ ಆಗಲೇ ಗೊತ್ತಾಯಿತು. ಮನೆಯಲ್ಲಿ ಒಂದು ನಲ್ಲಿ ತೊಟ್ಟಿಕ್ಕಿದರೂ ಅಪ್ಪಯ್ಯನಿಗೆ ನಿದ್ದೆ ಬರುವುದಿಲ್ಲ.

ಹೊಸ ಸೈಲೆನ್ಸರ್ ತೀರ್ಥಹಳ್ಳಿಯಲ್ಲಿ ಸಿಗಲಿಲ್ಲ. ಶಿವಮೊಗ್ಗಕ್ಕೆ ಬಂದು ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನಲ್ಲಿ ನಾಲ್ಕು ಅಂಗಡಿ ಸುತ್ತಿದ ಮೇಲೆ ಒಂದು ಕಡೆ ಅಟ್ಟದ ಮೇಲೆ ಇತ್ತು. 1,850 ರೂಪಾಯಿ. ಬಸ್ಸಿನಲ್ಲಿ ಕಾಲ ಮೇಲೆ ಇಟ್ಟುಕೊಂಡು ಹೋದೆ. ಮಂಡಗದ್ದೆ ದಾಟುವ ತನಕ ಅದರ ಹೊಟ್ಟೆಯಡಿಯ ತೂತನ್ನೇ ಬೆರಳಲ್ಲಿ ಮುಟ್ಟಿ ಮುಟ್ಟಿ ನೋಡುತ್ತಿದ್ದೆ.

ಆ ವಾರ ಮನೆಯಲ್ಲಿ ಅಪ್ಪಯ್ಯನ ಪೆಟ್ರೋಲ್ ಪುಸ್ತಕ ತೆಗೆದೆ. 1998ರಿಂದ ಒಂದೇ ಪುಸ್ತಕ, ಉದ್ದನೆಯ ಲೆಕ್ಕದ ಪುಸ್ತಕ. ತಾರೀಕು, ಲೀಟರು, ಕಿಲೋಮೀಟರು, ಎಲ್ಲಿಗೆ ಹೋಗಿದ್ದು. ಗುಂಡು ಗುಂಡು ಅಕ್ಷರ. 2004ರಲ್ಲಿ ಕಾರು 8,200 ಕಿಲೋಮೀಟರ್ ಓಡಿತ್ತು. ಶಿವಮೊಗ್ಗ, ಉಡುಪಿ, ಸಾಗರ, ಮತ್ತೆ ಮತ್ತೆ ಶೃಂಗೇರಿ. ಶೃಂಗೇರಿ ಎಂದರೆ ಅಮ್ಮನಿಗೆ ಇಷ್ಟ. ಅಮ್ಮ ತೀರಿಕೊಂಡಿದ್ದು 2017ರಲ್ಲಿ. ಆಮೇಲೆ ಶೃಂಗೇರಿ ಎಂಬ ಹೆಸರು ಪುಸ್ತಕದಲ್ಲಿ ಇಲ್ಲ. 2019ರಲ್ಲಿ ಕಣ್ಣಿನ ಪೊರೆ ತೆಗೆಸಿದರು. ಅಲ್ಲಿಂದ ತೀರ್ಥಹಳ್ಳಿಯೂ ಅಪರೂಪ. ಆಮೇಲೆ ಪುಟದ ಮೇಲೆ ಪುಟ ಒಂದೇ ಪದ: ಡೇರಿ, ಡೇರಿ, ಡೇರಿ. ಹಾಲಿನ ಡೇರಿ ನಮ್ಮ ಮನೆಯಿಂದ ಎರಡು ಕಿಲೋಮೀಟರ್. 2024ರಲ್ಲಿ ಇಡೀ ವರ್ಷಕ್ಕೆ 640 ಕಿಲೋಮೀಟರ್.

ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಜಗಲಿಯಲ್ಲಿ ಕೂತೆ. ಇಷ್ಟು ವರ್ಷ ನಾನು ಪ್ರತಿ ಭಾನುವಾರ ಫೋನ್ ಮಾಡಿ "ಕಾರು ಚೆನ್ನಾಗಿದೆಯಾ?" ಎಂದು ಕೇಳುತ್ತಿದ್ದೆ. "ಸ್ಟಾರ್ಟ್ ಆಗ್ತದೆ, ಓಡ್ತದೆ" ಎನ್ನುತ್ತಿದ್ದರು. ಎಲ್ಲಿಗೆ ಓಡುತ್ತದೆ ಎಂದು ನಾನು ಕೇಳಿರಲಿಲ್ಲ.

ವೆಲ್ಡಿಂಗ್ ವಿಷಯ ಅಪ್ಪಯ್ಯನಿಗೆ ಹೇಳುವುದೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ಎಂಬತ್ತರ ಹತ್ತಿರದ ಮನುಷ್ಯ. ತನ್ನ ಕೈಯಾರೆ ಆಯಿತು ಎಂದು ನೊಂದುಕೊಂಡರೆ? ಹೇಳದೆ ಬಿಟ್ಟರೆ ಹೊಸದಕ್ಕೂ ಅದೇ ಗತಿ. ಕೊನೆಗೆ ಸೀಳಿದ ಹಳೆ ಸೈಲೆನ್ಸರನ್ನೇ ತಂದು ಅಂಗಳದಲ್ಲಿ ಅವರ ಮುಂದೆ ಇಟ್ಟೆ. ಬಿಲ್ಲೆ ತೋರಿಸಿದೆ, ಸಂದಿ ತೋರಿಸಿದೆ. ಪೆಟ್ರೋಲಿನ ನೀರಿನ ಲೆಕ್ಕ ಹೇಳಿದೆ. ಕನ್ನಡಕ ಸರಿ ಮಾಡಿಕೊಂಡು ಎಲ್ಲವನ್ನೂ ನೋಡಿದರು.

"ಬಚ್ಚಲ ಒಲೆ ಹಾಗೇ ಅಲ್ವಾ" ಅಂದರು. "ಹೊಗೆಗಿಂಡಿ ಕಟ್ಟಿದ್ರೆ ಊದಿ ಊದಿ ಸಾಯ್ಬೇಕು, ಹತ್ತಲ್ಲ."

ನಾನು ಇನ್ನೂ ವೆಲ್ಡಿಂಗ್ ತೋರಿಸಿರಲಿಲ್ಲ. ಅವರೇ ಬಗ್ಗಿ ಆ ಚುಕ್ಕೆಯ ಮೇಲೆ ಬೆರಳಿಟ್ಟರು.

"ಇಲ್ಲಿ ನೀರು ಸೋರ್ತಿತ್ತು. ತೂತು ಬಿದ್ದಿದೆ ಅಂತ ನಾನೇ ಮುಚ್ಚಿಸಿದೆ. ಐದಾರು ವರ್ಷ ಆಯ್ತು." ಸ್ವಲ್ಪ ಹೊತ್ತು ಸುಮ್ಮನಿದ್ದರು. "ಹೊಸದರಲ್ಲೂ ಈ ತೂತು ಉಂಟಾ?"

"ಉಂಟು."

"ಅದಕ್ಕೆ ಬಣ್ಣ ಮೆತ್ತದ ಹಾಗೆ ಒಂದು ಕಡ್ಡಿ ಸಿಗಿಸ್ಕೊಂಡು ಬಳೀಬೇಕು ಹಾಗಾದ್ರೆ" ಅಂದರು.

ಏರು ಹತ್ತುವುದನ್ನು ನಾನು ಉಣುಗೋಲಿನ ಹತ್ತಿರ ನಿಂತು ನೋಡಿದೆ. ಸೆಕೆಂಡ್ ಗೇರ್. ಧರೆಯ ನಡುವೆ ಒಂದೇ ಸಮ ಸದ್ದು. ಮೇಲೆ ಹೋಗಿ ಅಪ್ಪಯ್ಯ ಹಾರ್ನ್ ಹೊಡೆದರು.

ಮೇಸ್ತ್ರಿ ಒಂದು ಷರತ್ತು ಹಾಕಿದ್ದಾರೆ. ವಾರಕ್ಕೆ ಒಂದು ಸಲವಾದರೂ ಮೂವತ್ತು ಕಿಲೋಮೀಟರ್, ನಿಲ್ಲಿಸದೆ. ಸೈಲೆನ್ಸರ್ ಕೊನೆ ತನಕ ಬಿಸಿಯಾಗಿ ಒಣಗಬೇಕು. ಹಾಗಾಗಿ ನಾನು ಈಗ ಭಾನುವಾರ ಫೋನ್ ಮಾಡುವುದಿಲ್ಲ, ಬೆಳಿಗ್ಗೆ ಆರರ ಬಸ್ಸಿಗೆ ಊರಿಗೆ ಹೋಗುತ್ತೇನೆ. ಹೋದ ವಾರ ಆಗುಂಬೆಗೆ ಹೋಗಿದ್ದೆವು. ಓಡಿಸಿದ್ದು ಅಪ್ಪಯ್ಯ. ಸೂರ್ಯಾಸ್ತ ನೋಡುವ ಜಾಗದಲ್ಲಿ ಕಾರು ನಿಲ್ಲಿಸಿ, ಕಣಿವೆ ಕಡೆ ನೋಡುವ ಮೊದಲು ಕಾರಿನ ಹಿಂದೆ ಹೋಗಿ ಬಗ್ಗಿದರು. ಸೈಲೆನ್ಸರ್ ಬಾಯಿಯೊಳಗೆ ತೋರುಬೆರಳು ತೂರಿಸಿ, ಸುಟ್ಟಿತು ಎಂದು ತಟ್ಟನೆ ತೆಗೆದು, ಬೆರಳನ್ನು ನನ್ನ ಮುಖದ ಹತ್ತಿರ ಹಿಡಿದರು. ಒಣಗಿದ ಬೂದಿ ಬಣ್ಣ. ನೀರಿನ ಪಸೆ ಇಲ್ಲ.

"ಮುಂದಿನ ವಾರ ಶೃಂಗೇರಿಗೆ ಹೋಗುವನಾ?" ಎಂದು ಕೇಳಿದರು.